ತೂಕದ ಮಾತು

ಆನೆಕೊಂಡದ ಕಡೆಯ ವೇಬ್ರಿಜ್ಜಿನ ಮೇಲೆ
ಮೆಕ್ಕೆಜೋಳದ ಲಾರಿ ಹತ್ತಿ ನಿಂತು ಒಂದು ಗಂಟೆ.
ಒಳಗೆ ಪೆಟ್ಟಿಗೆಯಲ್ಲಿ ಕೆಂಪಗೆ ಉರಿಯುತ್ತಿದೆ ಅಂಕಿ:
ಇಪ್ಪತ್ತನಾಲ್ಕು ಸಾವಿರದ ಆರುನೂರ ನಲವತ್ತು.
ಪಕ್ಕದ ಲ್ಯಾಪ್‌ಟಾಪಿನಲ್ಲಿ ಸೊನ್ನೆ.

ಕೊಟ್ರಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೆ:
"ಹಳೇ ಕಂಪ್ಯೂಟರ್ ಸತ್ತೋಯ್ತು, ಹೊಸದು ತಂದಾರೆ,
ಡ್ರೈವರ್ ಇಲ್ಲ ಅಂತೈತಿ, ಲಗೂನ ಬರ್ರಿ."
ಬಾಗಿಲಲ್ಲೇ ತಡೆದ ರುದ್ರಾನಾಯ್ಕ, ಬೀಡಿ ಹೊಸಕಿ:
"ಡ್ರೈವರ್ ಇಲ್ಲ ಅಂದೋರು ಯಾರ್ರಿ?
ಬೆಳಗಿಂದ ಸ್ಟೇರಿಂಗ್ ಹಿಡಕಂಡು ಕುಂತೋನು ನಾನ್ಯಾರು?"

ಅವನ ಹಿಂದೆ ಹನ್ನೊಂದು ಲಾರಿ.

ಅಪ್ಪ ಮಂಡಿಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ.
ಮುಳ್ಳು ನೆಟ್ಟಗೆ ನಿಂತರೆ ಕೆಲಸ ಮುಗಿದಂತೆ,
ಮುಳ್ಳಿಗೂ ಕಣ್ಣಿಗೂ ನಡುವೆ ದುಭಾಷಿ ಇರಲಿಲ್ಲ.
ಸತ್ತ ಕಂಪ್ಯೂಟರಿಗೂ ಬೆನ್ನಲ್ಲಿ ಒಂಬತ್ತು ಸೂಜಿಯ ಬಾಯಿತ್ತು,
ತಿರುಪು ಬಿಗಿದರೆ ಆಯಿತು, ಮಾತು ಹರಿಯುತ್ತಿತ್ತು.
ಹೊಸದಕ್ಕೆ ಇರುವುದು ಎರಡು ಚಪ್ಪಟೆ ತೂತು.
ನನ್ನ ಚೀಲದಿಂದ ನೀಲಿ ವೈರು ತೆಗೆದೆ,
ಬುಡದಲ್ಲಿ ಉಗುರಿನಷ್ಟು ಚಿಪ್ಪು,
ಕೊಂಡಾಗ ನೂರ ಎಂಬತ್ತು, ಗ್ಯಾರಂಟಿ ಅಂಗಡಿಯ ಮೆಟ್ಟಿಲ ತನಕ.

ವಿಂಡೋಸ್ ಹಳದಿ ತ್ರಿಕೋನ ತೋರಿಸಿತು. ಕೋಡ್ ಹತ್ತು.
ಚಿಪ್ಪು ನಕಲಿ ಎಂದು ಹೊಸ ಡ್ರೈವರಿಗೆ ಗೊತ್ತಾಗಿಬಿಟ್ಟಿದೆ.
ಆರು ವರ್ಷ ಹರಿಹರದ ರೈಸ್‌ಮಿಲ್ಲಿನಲ್ಲಿ ದುಡಿದ ವೈರು!
ಹಳೇ ಹಮಾಲಿಯನ್ನು ಗೇಟಿನಲ್ಲಿ ನಿಲ್ಲಿಸಿ
ನಿನ್ನ ಅಪ್ಪನ ಹೆಸರಿಗೆ ಪುರಾವೆ ಕೊಡು ಅಂದ ಹಾಗಾಯ್ತು.

ಚೀಲದಲ್ಲಿ ನನ್ನದೊಂದು ಮುದಿ ಲ್ಯಾಪ್‌ಟಾಪ್, ಲಿನಕ್ಸಿನದು.
ಚುಚ್ಚಿದೊಡನೆ ಬಾ ಎಂದಿತು, ಕುಲ ಕೇಳಲಿಲ್ಲ,
ಟಿಟಿವೈಯುಎಸ್‌ಬಿ ಸೊನ್ನೆ ಎಂದು ಹೆಸರೂ ಇಟ್ಟಿತು.
ಕೇಳೋಣವೆಂದು ಕೂತರೆ, ನಿನಗೆ ಅನುಮತಿ ಇಲ್ಲ.
ಪಡಸಾಲೆಗೆ ಕರೆದು ಅಡುಗೆಮನೆಗೆ ಬೀಗ ಜಡಿಯುವ ನೆಂಟರು.
ಪಂಕ್ತಿಗೆ ಹೆಸರು ಸೇರಿಸಿ, ಹೊಸಿಲಾಚೆ ಹೋಗಿ,
ತಿರುಗಿ ಒಳಬಂದರೆ ಆಮೇಲೆ ಬಡಿಸುತ್ತದೆ.
(ಮೂರನೆಯದೊಂದು ಇದೆಯಂತೆ, ಕಚ್ಚಿದ ಹಣ್ಣಿನ ಗುರುತಿನದು.
ನಮ್ಮ ಜೋಳದ ಧೂಳಿಗೆ ಅದಿನ್ನೂ ಬಂದಿಲ್ಲ.)

ಬಡಿಸಿತು, ಆದರೆ ಏನು?
ಗೀರು, ಗುಬ್ಬಿ ಕಾಲು, ಸಾಲುಸಾಲು ಪ್ರಶ್ನೆಚಿಹ್ನೆ.
ಪೆಟ್ಟಿಗೆಯದು ನಿಧಾನದ ಬಾಯಿ, ಎರಡು ಸಾವಿರದ ನಾನೂರರ ಲಯ.
ನಾನು ಒಂಬತ್ತು ಸಾವಿರದ ಅವಸರದಲ್ಲಿ ಕಿವಿ ಇಟ್ಟಿದ್ದೆ.
ತಗ್ಗಿಸಿದೆ.

ಇಪ್ಪತ್ತನಾಲ್ಕು ಆರುನೂರ ನಲವತ್ತು
ಇಪ್ಪತ್ತನಾಲ್ಕು ಆರುನೂರ ನಲವತ್ತು
ಇಪ್ಪತ್ತನಾಲ್ಕು ಆರುನೂರ ನಲವತ್ತು

ಹೇಳುತ್ತಲೇ ಇತ್ತು ಅದು, ಸೆಕೆಂಡಿಗೆ ಹತ್ತು ಸಲ.
ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿದ ರಾತ್ರಿಯೂ
ಖಾಲಿ ಹಲಗೆಯ ಸೊನ್ನೆಯನ್ನು ಬಿಡದೆ ಒಪ್ಪಿಸಿದೆ, ಯಾರಿಗೋ.
ನಡುರಾತ್ರಿ ಗೋದಾಮಿನ ಬೆಕ್ಕು ದಾಟಿದಾಗಲೂ ಸೊನ್ನೆ,
ಹತ್ತು ಕೇಜಿಯ ಒಳಗಿನ ಜೀವ ಅದರ ಲೆಕ್ಕಕ್ಕಿಲ್ಲ.

ಚೀಟಿ ಹೊಡೆಯುವ ಸಾಫ್ಟ್‌ವೇರ್ ಮಾತ್ರ ವಿಂಡೋಸಿನ ಮನೆಯಾಳು.
ಪೆನ್‌ಡ್ರೈವಿನ ಮೂಲೆಯಲ್ಲಿ ಹದಿನೈದು ವರ್ಷದ ಹಳೇ ಡ್ರೈವರ್ ಇತ್ತು,
ಮುಖ ನೋಡಿ ಮಣೆ ಹಾಕುವುದನ್ನು ಕಲಿಯದ ಕಾಲದ್ದು.
ಹೊಸದನ್ನು ಕಿತ್ತೆ, ಅದನ್ನು ಕೂರಿಸಿದೆ.
ಹಳದಿ ಅಳಿಯಿತು, ಪ್ರಿಂಟರ್ ಕಿರ್ರೆಂದಿತು.
ರುದ್ರಾನಾಯ್ಕ ಚೀಟಿ ಮಡಚಿ ಕಿವಿಗೆ ಸಿಕ್ಕಿಸಿ
ಹಾರ್ನ್ ಹೊಡೆದ, ಸುಮ್ಮಸುಮ್ಮನೆ, ಉದ್ದಕ್ಕೆ.

ರಾತ್ರಿ ಒಂಬತ್ತಕ್ಕೆ ಮತ್ತೆ ಕೊಟ್ರಮ್ಮ: "ಮತ್ತೆ ಸೊನ್ನೆ ರೀ."
ಕಸ ಗುಡಿಸುವಾಗ ವೈರು ಕಿತ್ತಿದ್ದಾಳೆ,
ಬಲದ ತೂತಿಗೆ ಚುಚ್ಚಿದ್ದಾಳೆ.
ಕಾಮ್ ಮೂರು ಇದ್ದದ್ದು ಕಾಮ್ ಏಳು ಆಗಿದೆ.
ಅದೇ ಆಳು ಹಿತ್ತಲ ಬಾಗಿಲಿಂದ ಬಂದರೆ
ಹೊಸಬ ಎಂದು ಹೊಸ ನಂಬರು ಬರೆಯುವ ಮೇಸ್ತ್ರಿ.
"ಎಡಗಡೆದಕ್ಕೆ ಹಾಕಮ್ಮ, ಎಡಗಡೆ."

ವಾರ ಕಳೆದು ಆ ದಾರಿಯಲ್ಲಿ ಹೋದೆ.
ಎಡಗಡೆಯ ತೂತಿನ ಸುತ್ತ ಕೆಂಪು ನೇಲ್‌ಪಾಲಿಶ್,
ಸ್ವಲ್ಪ ಆಚೀಚೆ ಹರಡಿದೆ.
"ಕುಂಕುಮ ಹಚ್ಚಾಣ ಅಂದ್ಕಂಡೆ,
ಒಳಗೆ ಉದುರೀತು ಅಂತ ಬಿಟ್ಟೆ," ಅಂದಳು,
ಬೆರಳು ಮುಂದಿನ ಲಾರಿಯ ನಂಬರ್ ಒತ್ತುತ್ತಿತ್ತು.